ಭಾರ ಎತ್ತಿದರೆ ಓಟ ನಿಧಾನವಾಗುತ್ತದಾ?

[ದೃಶ್ಯ: ಓಡುತ್ತಿರುವ ಕಾಲುಗಳು, ಮೂಲೆಯಲ್ಲಿ ಹೆಜ್ಜೆಗಳ ಲೆಕ್ಕ]

ನಿಮಿಷಕ್ಕೆ 170 ಹೆಜ್ಜೆ ಅಂತ ಇಟ್ಟುಕೊಳ್ಳಿ. ಒಂದು ಗಂಟೆ ಓಡಿದರೆ ಹತ್ತು ಸಾವಿರ ದಾಟುತ್ತದೆ. ಒಂದೊಂದು ಹೆಜ್ಜೆಯಲ್ಲೂ ನಿಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿಗೆ ಬೀಳುತ್ತದೆ. ಅದೂ ಒಂಟಿ ಕಾಲಿಗೆ! ಇಷ್ಟಾದರೂ ಓಟಗಾರರಿಗೆ ಜಿಮ್ ಅಂದರೆ ಭಯ. "ಮೈ ದಪ್ಪ ಆಗಿ ಓಟ ಹಾಳಾಗುತ್ತೆ" ಅಂತಾರೆ.

ಆ ಭಯಕ್ಕೆ ಒಂದು ಹಳೆಯ ಬೇರು ಇದೆ.

[ಪರದೆ ಮೇಲೆ: 1980]

ರಾಬರ್ಟ್ ಹಿಕ್ಸನ್ ಎಂಬ ಸಂಶೋಧಕರು ಹತ್ತು ವಾರ ಮೂರು ಗುಂಪುಗಳನ್ನು ಗಮನಿಸಿದರು. ಒಂದು ಗುಂಪಿಗೆ ಭಾರ ಮಾತ್ರ, ಇನ್ನೊಂದಕ್ಕೆ ಓಟ, ಸೈಕಲ್ ಥರದ ದಮ್ಮಿನ ತರಬೇತಿ ಮಾತ್ರ, ಮೂರನೆಯದಕ್ಕೆ ಎರಡೂ. ಎರಡೂ ಮಾಡಿದವರ ಶಕ್ತಿ ಏಳೆಂಟು ವಾರ ಏರಿ, ಆಮೇಲೆ ಇಳಿಯಿತು. ಜನ ಇಷ್ಟನ್ನೇ ನೆನಪಿಟ್ಟುಕೊಂಡರು. ಆದರೆ ಅವರ ದಮ್ಮು? ಅದಕ್ಕೇನೂ ಆಗಲಿಲ್ಲ. ಅಂದರೆ ಪೆಟ್ಟು ಬಿದ್ದದ್ದು ಶಕ್ತಿಗೆ, ಓಟಕ್ಕಲ್ಲ. ಅವರು ವಾರಕ್ಕೆ ಐದು ದಿನ ಭಾರ, ಆರು ದಿನ ದಮ್ಮಿನ ತರಬೇತಿ ಮಾಡಿದ್ದರು ಅನ್ನುವುದೂ ಗೊತ್ತಿರಲಿ. ಅಷ್ಟು ಮಾಡಿದರೆ ಯಾರು ತಾನೇ ಸುಸ್ತಾಗುವುದಿಲ್ಲ?

1999ರಲ್ಲಿ ಫಿನ್‌ಲ್ಯಾಂಡ್‌ನ ಸಂಶೋಧಕರು ಪಳಗಿದ ಓಟಗಾರರನ್ನೇ ತೆಗೆದುಕೊಂಡರು. ಒಂದು ಗುಂಪಿನ ತರಬೇತಿಯಲ್ಲಿ ಸುಮಾರು ಮೂರನೇ ಒಂದು ಭಾಗ ತೆಗೆದು, ಆ ಹೊತ್ತಿಗೆ ಜಿಗಿತ, ಸ್ಪ್ರಿಂಟ್, ವೇಗವಾಗಿ ಭಾರ ತಳ್ಳುವ ವ್ಯಾಯಾಮ ಕೊಟ್ಟರು. ಒಂಬತ್ತು ವಾರದ ಬಳಿಕ ಅವರ 5 ಕಿಲೋಮೀಟರ್ ಸಮಯ ಕಡಿಮೆಯಾಯಿತು. ಸ್ವಾರಸ್ಯ ಇರುವುದು ಇಲ್ಲಿ: ವಿಒ2 ಮ್ಯಾಕ್ಸ್, ಅಂದರೆ ದೇಹ ಆಮ್ಲಜನಕ ಬಳಸುವ ಗರಿಷ್ಠ ಪ್ರಮಾಣ, ಹೆಚ್ಚಲೇ ಇಲ್ಲ.

ಹಾಗಾದರೆ ವೇಗ ಎಲ್ಲಿಂದ ಬಂತು?

[ದೃಶ್ಯ: ಪುಟಿಯುವ ಚೆಂಡು, ಪಕ್ಕದಲ್ಲಿ ಗಾಳಿ ಇಳಿದ ಚೆಂಡು]

ಪುಟಿತದಿಂದ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಹುರಿ, ಅಕಿಲಿಸ್ ಟೆಂಡನ್, ಕಾಲು ಊರಿದಾಗ ಹಿಗ್ಗುತ್ತದೆ, ಏಳುವಾಗ ಆ ಶಕ್ತಿಯನ್ನು ವಾಪಸ್ ಕೊಡುತ್ತದೆ. ಭಾರ ಎತ್ತಿದರೆ ಈ ಹುರಿ ಬಿಗಿಯಾಗುತ್ತದೆ. ಜೊತೆಗೆ ನರಗಳು ಸ್ನಾಯುಗಳನ್ನು ಒಟ್ಟಿಗೆ, ಬೇಗ ಎಬ್ಬಿಸಲು ಕಲಿಯುತ್ತವೆ. ಮೊದಲ ಕೆಲವು ವಾರ ಹೆಚ್ಚುವ ಶಕ್ತಿ ಬಹುಪಾಲು ನರಗಳದ್ದೇ, ಸ್ನಾಯು ದಪ್ಪವಾಗಿ ಬಂದದ್ದಲ್ಲ. ಅದೇ ವೇಗಕ್ಕೆ ಕಡಿಮೆ ಆಮ್ಲಜನಕ ಸಾಕಾಗುತ್ತದೆ. ಇದನ್ನೇ ರನ್ನಿಂಗ್ ಎಕಾನಮಿ ಅನ್ನುತ್ತಾರೆ. ಒಂಥರಾ ಗಾಡಿಯ ಮೈಲೇಜ್.

ಈಗ ಜಿಮ್‌ನಲ್ಲಿ ಓಟಗಾರರು ಮಾಡುವ ತಪ್ಪು ನೋಡಿ. ಹಗುರ ಡಂಬೆಲ್ ಹಿಡಿದು ಮೂವತ್ತು ಸಲ ಎತ್ತುತ್ತಾರೆ, ದಮ್ಮಿಗೆ ಒಳ್ಳೆಯದು ಅಂತ. ಅಯ್ಯೋ, ಆ ಕೆಲಸವನ್ನು ಓಟವೇ ಹತ್ತು ಸಾವಿರ ಸಲ ಮಾಡಿಸುತ್ತದಲ್ವಾ? ಇಲ್ಲಿ ಬೇಕಿರುವುದು ಭಾರ. ಕೆಲವು ವಾರ ಹಗುರದಲ್ಲಿ ಸರಿಯಾದ ಭಂಗಿ ಕಲಿತು, ಆಮೇಲೆ ನಾಲ್ಕರಿಂದ ಆರು ಸಲ ಎತ್ತುವಷ್ಟರಲ್ಲಿ ಸಾಕೆನಿಸುವ ತೂಕಕ್ಕೆ ಹೋಗಿ. ವಾರಕ್ಕೆ ಎರಡು ದಿನ ಸಾಕು. ಭಾರ ಹೊತ್ತು ಕೂತು ಏಳುವ ಸ್ಕ್ವಾಟ್, ನೆಲದಿಂದ ಭಾರ ಎತ್ತಿ ನಿಲ್ಲುವ ಡೆಡ್‌ಲಿಫ್ಟ್, ಒಂಟಿ ಕಾಲಿನ ಒಂದು ವ್ಯಾಯಾಮ.

ಮತ್ತೆ ಕಾಫ್ ರೈಸ್, ಅಂದರೆ ಹಿಮ್ಮಡಿ ಎತ್ತಿ ಇಳಿಸುವುದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ತೊಡೆಯೇ ಎಲ್ಲ ಅಂದುಕೊಂಡು. ಮಂಡಿ ಬಗ್ಗಿಸಿಯೂ ಮಾಡಿ. ಆಗ ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯುವಿಗೆ ಹೆಚ್ಚು ಕೆಲಸ ಸಿಗುತ್ತದೆ. ಓಡುವಾಗ ಅತಿ ಜಾಸ್ತಿ ಹೊರೆ ಹೊರುವ ಸ್ನಾಯುಗಳಲ್ಲಿ ಅದೂ ಒಂದು.

ವೇಗದ ಓಟದ ಹಿಂದಿನ ದಿನ ಕಾಲಿಗೆ ಭಾರ ಬೇಡ. ಒಂದೇ ದಿನ ಎರಡೂ ಇದ್ದರೆ ಬೆಳಿಗ್ಗೆ ಓಟ, ಸಂಜೆ ಭಾರ. ಟೆಂಡನ್ ಬದಲಾಗಲು ತಿಂಗಳುಗಳೇ ಬೇಕು. ಹಾಗಾಗಿ ರೇಸ್‌ಗೆ ಎರಡು ವಾರ ಇದೆ ಅನ್ನುವಾಗ ಹೊಸದಾಗಿ ಭಾರ ಹಿಡಿಯಬೇಡಿ. ಮೂರು ತಿಂಗಳು ಇರುವಾಗಲೇ ಹಿಡಿಯಿರಿ, ಕೊನೆಯ ವಾರ ಕೆಳಗಿಡಿ.