ಅವುಗಳನ್ನು ವೀರರು ಅನ್ನಬೇಡಿ

ಯುದ್ಧದಲ್ಲಿ ಸತ್ತ ಕುದುರೆ, ನಾಯಿ, ಪಾರಿವಾಳಗಳನ್ನು ನಾವು ‘ವೀರರು’ ಅನ್ನುತ್ತೇವೆ. ಕೇಳೋಕೆ ಚೆನ್ನಾಗಿರುತ್ತದೆ. ಆದರೆ ಆ ಮಾತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅಪಾಯ ಗೊತ್ತಿದ್ದೂ ಮುಂದೆ ಹೋದವನು ವೀರ, ಅಲ್ವಾ? ಯಾರ ಜಗಳ ಅನ್ನೋದೇ ಗೊತ್ತಿಲ್ಲದ ಪ್ರಾಣಿಗೆ ಆ ಬಿರುದು ಯಾಕೆ?

ಆನೆಯನ್ನೇ ತಗೊಳ್ಳಿ. ಕ್ರಿ.ಪೂ. 207, ಇಟಲಿಯ ಮೆಟಾರಸ್ ನದಿಯ ದಡ. ರೋಮ್‌ನ ಶತ್ರುವಾಗಿದ್ದ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ನ ತಮ್ಮ ಹಸ್ದ್ರುಬಲ್ ರೋಮನ್ನರ ಎದುರು ಆನೆಗಳನ್ನು ನಿಲ್ಲಿಸಿದ. ಗದ್ದಲ ಜಾಸ್ತಿಯಾಯಿತು. ಆನೆಗಳು ಬೆದರಿ ಎರಡೂ ಸೈನ್ಯಗಳ ನಡುವೆ ದಿಕ್ಕುಗೆಟ್ಟು ಓಡಾಡಿದವು. ಅದಕ್ಕೂ ಮೊದಲೇ ತಯಾರಿ ಇತ್ತು. ಮಾವುತನ ಹತ್ತಿರ ಒಂದು ಉಳಿ, ಒಂದು ಸುತ್ತಿಗೆ. ಆನೆ ಹತೋಟಿ ತಪ್ಪಿದರೆ ಕಿವಿಗಳ ನಡುವೆ, ತಲೆ ಕುತ್ತಿಗೆಗೆ ಸೇರುವ ಕಡೆ ಉಳಿ ಇಟ್ಟು, ಇದ್ದ ಬಲವೆಲ್ಲ ಹಾಕಿ ಹೊಡೆಯಬೇಕು. ಅವತ್ತು ಶತ್ರುಗಳು ಕೊಂದಿದ್ದಕ್ಕಿಂತ ಜಾಸ್ತಿ ಆನೆಗಳನ್ನು ಮಾವುತರೇ ಕೊಂದರು ಅಂತ ರೋಮನ್ನರು ಬರೆದಿಟ್ಟಿದ್ದಾರೆ. ಯಾರ ಮಾತು ಕೇಳಿ ಆನೆ ಅಲ್ಲಿಯವರೆಗೆ ನಡೆದು ಬಂತೋ, ಅವನ ಕೈಯಲ್ಲೇ ಉಳಿ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಪಾರಿವಾಳದ ಕಥೆ ಸ್ವಲ್ಪ ಬೇರೆ. 1942ರಲ್ಲಿ ಬ್ರಿಟಿಷ್ ಬಾಂಬರ್ ಒಂದು ಉತ್ತರ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ ವಿಂಕಿ ಅನ್ನುವ ಪಾರಿವಾಳ ಮೈಯೆಲ್ಲ ಎಣ್ಣೆ ಮೆತ್ತಿಕೊಂಡು ಸುಮಾರು 190 ಕಿಲೋಮೀಟರ್ ಹಾರಿ ಸ್ಕಾಟ್ಲೆಂಡಿನ ತನ್ನ ಗೂಡು ಸೇರಿತು. ಕಾಲಲ್ಲಿ ಚೀಟಿ ಇರಲಿಲ್ಲ. ಅದು ಹಾರಿದ ಹೊತ್ತು ಲೆಕ್ಕ ಹಾಕಿಯೇ ವಿಮಾನದವರನ್ನು ಹುಡುಕಿ ಉಳಿಸಿದರು. ಮರುವರ್ಷ ವಿಂಕಿಗೆ ಡಿಕಿನ್ ಪದಕ ಸಿಕ್ಕಿತು. ಯುದ್ಧದಲ್ಲಿ ನೆರವಾದ ಪ್ರಾಣಿಗಳಿಗೆ ಬ್ರಿಟನ್ನಿನಲ್ಲಿ ಕೊಡುವ ಪದಕ ಅದು. ನಾಲ್ಕು ಜೀವ ಉಳಿದದ್ದು ದೊಡ್ಡದೇ. ಆದರೆ ಪಾಪ, ಆ ಹಕ್ಕಿಗೆ ಬೇಕಿದ್ದದ್ದು ತನ್ನ ಗೂಡು.

ಪದಕ ಕೊಡುವಾಗ ವೀರ. ಕೆಲಸ ಮುಗಿದ ಮೇಲೆ? ಮೊದಲ ಮಹಾಯುದ್ಧಕ್ಕೆ ಆಸ್ಟ್ರೇಲಿಯಾದಿಂದ 1,20,000ಕ್ಕೂ ಜಾಸ್ತಿ ಕುದುರೆಗಳು ಹೋದವು. ವಾಪಸ್ ಬಂದದ್ದು ಒಂದೇ ಒಂದು, ಸ್ಯಾಂಡಿ. ಅದೂ ಒಬ್ಬ ಜನರಲ್‌ನ ಕುದುರೆ.

ವಿಯೆಟ್ನಾಂಗೆ ಅಮೆರಿಕ ಸುಮಾರು 4,000 ನಾಯಿಗಳನ್ನು ಕಳಿಸಿತ್ತು. ಹೊಂಚು ಹಾಕಿದವರನ್ನು, ಕಾಲಡಿಯ ಬಾಂಬನ್ನು ವಾಸನೆಯಲ್ಲೇ ಹಿಡಿದು ಸೈನಿಕರನ್ನು ಉಳಿಸಿದ ನಾಯಿಗಳು. ಸೇನೆಯ ಲೆಕ್ಕದಲ್ಲಿ ಅವು ‘ಸಾಮಾನು’. ಮನೆಗೆ ಮರಳಿದ್ದು ಸುಮಾರು 200 ಮಾತ್ರ. ಉಳಿದವುಗಳಲ್ಲಿ ಎಷ್ಟನ್ನೋ ಸೂಜಿ ಚುಚ್ಚಿ ಕೊಂದರು, ಎಷ್ಟನ್ನೋ ಅಲ್ಲಿನ ಸೇನೆಗೆ ಒಪ್ಪಿಸಿ ಬಂದರು. ನಿವೃತ್ತ ಸೇನಾ ನಾಯಿಯನ್ನು ಅದರ ಜೊತೆಗಾರನೇ ಸಾಕಿಕೊಳ್ಳಲು ಅವಕಾಶ ಕೊಡುವ ಕಾಯ್ದೆ ಬಂದದ್ದು 2000ರಲ್ಲಿ. ವಿಯೆಟ್ನಾಂನಲ್ಲಿ ಬಿಟ್ಟು ಬಂದ ನಾಯಿಗಳಲ್ಲಿ ಅಷ್ಟು ಹೊತ್ತಿಗೆ ಒಂದೂ ಬದುಕಿರಲಿಲ್ಲ.