ಸಂದರ್ಶನದ ಮಾತಿನಲ್ಲಿ ಕಾರಣದ ಎಳೆ

ಕೇಳುಗರಿಗೆ ನಮಸ್ಕಾರ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರ ಆಸುಪಾಸಿನಲ್ಲಿತ್ತು. ರಾಜ್ಯದ ಜಿಲ್ಲೆಗಳಲ್ಲಿ ಅದೇ ಎಲ್ಲಕ್ಕಿಂತ ಕಡಿಮೆ. ಆದರೆ ಒಬ್ಬ ಹುಡುಗಿ ಏಳನೆಯ ತರಗತಿಗೇ ಶಾಲೆ ಏಕೆ ಬಿಟ್ಟಳೆಂಬುದನ್ನು ಈ ಅಂಕಿ ಹೇಳುವುದಿಲ್ಲ. ಅದನ್ನು ಆ ಹುಡುಗಿ, ಅವಳ ತಾಯಿ, ಊರಿನ ಮೇಷ್ಟ್ರು ಹೇಳಬೇಕು. ಶಿಕ್ಷಣ ಸಂಶೋಧಕರು ಸಂದರ್ಶನ ನಡೆಸುವುದು ಅದಕ್ಕಾಗಿಯೇ. ಹಾಗೆ ಕೇಳಿ ಬರೆದುಕೊಂಡು ಬಂದ ಮಾತುಗಳನ್ನು ಬಡತನ, ಗುಳೆ, ಬಾಲ್ಯವಿವಾಹ ಎಂಬ ತಲೆಬರಹಗಳ ಕೆಳಗೆ ವಿಂಗಡಿಸಿಡುವುದು ರೂಢಿ. ಅಷ್ಟಕ್ಕೇ ನಿಂತರೆ, ಯಾವುದರಿಂದ ಯಾವುದಾಯಿತು ಎಂಬ ಎಳೆ ಕಡಿದುಹೋಗುತ್ತದೆ.

ಆ ಎಳೆಯನ್ನು ಉಳಿಸಿಕೊಳ್ಳುವ ವಿಧಾನವೇ ಕಾರ್ಯಕಾರಣ ನಕ್ಷೆ: ಒಂದೊಂದು ಸಂಗತಿಯನ್ನೂ ಒಂದು ಚೌಕದಲ್ಲಿ ಬರೆದು, ಕಾರಣದಿಂದ ಪರಿಣಾಮದ ಕಡೆಗೆ ಬಾಣ ಎಳೆದ ಚಿತ್ರ. ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ ಅವರು 1976ರಲ್ಲಿ ಸಂಪಾದಿಸಿದ ಗ್ರಂಥವೊಂದು ರಾಜಕೀಯ ನಾಯಕರ ಮಾತುಗಳಿಂದ ಇಂಥ ನಕ್ಷೆಗಳನ್ನು ತೆಗೆದು ತೋರಿಸಿತು. ಮುಂದೆ ಈ ಕ್ರಮ ಬೇರೆ ಕ್ಷೇತ್ರಗಳಿಗೂ ಹಬ್ಬಿತು. ಕ್ರಮ ಸರಳವಾದದ್ದು. ಒಬ್ಬ ತಾಯಿ ಹೀಗೆ ಹೇಳಿದಳೆಂದು ಇಟ್ಟುಕೊಳ್ಳೋಣ: "ಮಳಿ ಕೈಕೊಟ್ಟಿತ್ರೀ, ಹಿಂಗಾಗಿ ಗುಳೆ ಹೋದಿವಿ. ತಮ್ಮನ ಸಲುವಾಗಿ ಇಕಿ ಸಾಲಿ ಬಿಟ್ಟಳು." ಮಳೆಯ ಕೊರತೆ ಒಂದು ಚೌಕ, ಗುಳೆ ಇನ್ನೊಂದು, "ಹಿಂಗಾಗಿ" ಎಂಬ ಮಾತು ಅವೆರಡರ ನಡುವಿನ ಬಾಣ. ಯಾರು ಹೇಳಿದ್ದು, ಯಾವ ಮಾತಿನಲ್ಲಿ ಹೇಳಿದ್ದು ಎಂಬುದು ಪ್ರತಿ ಬಾಣದ ಜೊತೆಗೇ ದಾಖಲಾಗಿರಬೇಕು.

ಕಷ್ಟ ಇರುವುದು ಮುಂದಿನ ಮಾತಿನಲ್ಲಿ. "ತಮ್ಮನ ಸಲುವಾಗಿ" ಎಂದರೆ ಎಳೆಗೂಸನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆಂದೋ, ಅಥವಾ ತಮ್ಮನ ಓದಿಗೆ ದುಡ್ಡು ಉಳಿಯಲೆಂದೋ? ಮೊದಲನೆಯದಾದರೆ ಪರಿಹಾರ ಅಂಗನವಾಡಿಯ ದಿಕ್ಕಿನಲ್ಲಿದೆ. ಎರಡನೆಯದಾದರೆ ಮನೆಯವರು ಮಗನ ಓದನ್ನೂ ಮಗಳ ಓದನ್ನೂ ತೂಗುವ ರೀತಿಯಲ್ಲಿದೆ. ನಮ್ಮ "ಸಲುವಾಗಿ" ಕಾರಣವನ್ನೂ ಉದ್ದೇಶವನ್ನೂ ಒಟ್ಟಿಗೇ ಹೊರುತ್ತದೆ. "ಗುಳೆ ಹೋಗಿ ಬಂದು ಸಾಲಿ ಬಿಟ್ಟಾಳ" ಎಂಬಲ್ಲಿಯೂ ಹಾಗೆಯೇ: ಹೋಗಿ ಬಂದದ್ದರಿಂದ ಬಿಟ್ಟಳೋ, ಬಂದ ನಂತರ ಬೇರಾವುದೋ ಕಾರಣಕ್ಕೆ ಬಿಟ್ಟಳೋ, ವಾಕ್ಯ ಬಾಯಿಬಿಡುವುದಿಲ್ಲ. ಈ ಮಾತನ್ನು ಗ್ರಾಂಥಿಕ ಕನ್ನಡಕ್ಕೋ ಇಂಗ್ಲಿಷಿಗೋ ತಿರುಗಿಸಿದ ಮೇಲೆ ನಕ್ಷೆ ಬರೆಯಲು ಕುಳಿತರೆ, ತಿರುಗಿಸಿದವರು ತಮಗೆ ತಿಳಿದಂತೆ ಒಂದು ಬಾಣವನ್ನು ಆಗಲೇ ಎಳೆದುಬಿಟ್ಟಿರುತ್ತಾರೆ. ಆದ್ದರಿಂದ ಕಲಬುರಗಿಯ ಮಾತು ಕಲಬುರಗಿಯ ಮಾತಾಗಿಯೇ ಬರಹಕ್ಕಿಳಿಯಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ, ಸಂದರ್ಶಕರು ಅಲ್ಲಿಯೇ, "ಸಲುವಾಗಿ ಅಂದ್ರ ಹ್ಯಾಂಗ್ರೀ ಅಕ್ಕ?" ಎಂದು ಕೇಳುವಷ್ಟು ಪುರುಸೊತ್ತು ಇಟ್ಟುಕೊಂಡಿರಬೇಕು.

ಒಬ್ಬಳೇ ತಾಯಿ ಒಂದು ಕಾರಣವನ್ನು ಆರು ಸಲ ಹೇಳುವುದು ಬೇರೆ, ಆರು ತಾಯಂದಿರು ಒಂದೊಂದು ಸಲ ಹೇಳುವುದು ಬೇರೆ. ಎರಡು ಎಣಿಕೆಗಳನ್ನೂ ಪ್ರತ್ಯೇಕವಾಗಿಡಬೇಕು. ಹೆಚ್ಚು ಜನ ಹೇಳಿದ ಕಾರಣವೇ ಹೆಚ್ಚು ಬಲವಾದ ಕಾರಣ ಎಂದೇನಿಲ್ಲ, ಏಕೆಂದರೆ ನಕ್ಷೆ ತೋರಿಸುವುದು ಜನರು ಕಂಡ ಕಾರಣಗಳನ್ನು. ಚಿತ್ತಾಪುರದ ಒಬ್ಬ ತಾಯಿ ಮಳೆಯಿಲ್ಲದೆ ಗುಳೆ ಹೋದೆವೆಂದಳು, ಸುರಪುರದ ಒಬ್ಬ ತಂದೆ ಗುಳೆಯಿಂದ ಮಗಳ ಶಾಲೆ ತಪ್ಪಿತೆಂದ ಎನ್ನಿ. ಎರಡನ್ನೂ ಗಂಟು ಹಾಕಿ, ಮಳೆಯಿಲ್ಲದೆ ಶಾಲೆ ತಪ್ಪಿತು ಎಂದು ಬರೆಯುವಂತಿಲ್ಲ. ಆ ತಂದೆಯನ್ನು ಊರು ಬಿಡಿಸಿದ್ದು ಸಾಲವೂ ಆಗಿರಬಹುದು.

ಶಿಕ್ಷಕರೊಡನೆ ಮಾತಾಡುವಾಗ "ಪಾಲಕರಿಗೆ ಆಸಕ್ತಿಯೇ ಇಲ್ಲ" ಎಂಬ ಮಾತನ್ನು ಪದೇ ಪದೇ ಕೇಳಿದ್ದೇನೆ. ಅದನ್ನು ಚೌಕವಾಗಿ ಬರೆದು ನೋಡಿದರೆ, ಅದರಿಂದ ಹೊರಡುವ ಬಾಣಗಳು ಹಲವು, ಅದರೊಳಗೆ ಬರುವ ಬಾಣ ಒಂದೂ ಇರುವುದಿಲ್ಲ. ಅಂದರೆ, ಆಸಕ್ತಿ ಏಕಿಲ್ಲ ಎಂಬುದನ್ನು ಯಾರೂ ಹೇಳಿಲ್ಲ. ಅಂಥ ಚೌಕ ಸಿಕ್ಕಾಗ ಸಂಶೋಧಕರು ನಕ್ಷೆಯನ್ನು ಮಡಿಚಿಟ್ಟು, ಹತ್ತಿ ಬಿಡಿಸುವ ಹೊಲದಿಂದ ಪಾಲಕರು ಮನೆಗೆ ಮರಳುವ ಹೊತ್ತಿಗೆ ಅವರ ಬಾಗಿಲಿಗೆ ಮತ್ತೊಮ್ಮೆ ಹೋಗಬೇಕು.

ನಮಸ್ಕಾರ.