ಮುಖ ಬಿಡಿ, ಕೈ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡವರು ಯಾರೂ ಸುಮ್ಮನೆ ಕೂತಿರುವುದಿಲ್ಲ ಅಂತ ನನಗೆ ಗೊತ್ತು. ಒಬ್ಬರು ಹುರುಳಿಕಾಯಿ ನಾರು ತೆಗೆಯುತ್ತಿರುತ್ತೀರಿ, ಒಬ್ಬರು ಬಟ್ಟೆ ಮಡಚುತ್ತಿರುತ್ತೀರಿ, ಇನ್ನೊಬ್ಬರು ಅಂಗಡಿ ಲೆಕ್ಕ ಬರೆಯುತ್ತಿರುತ್ತೀರಿ. ಕೈಯಲ್ಲಿರುವ ಕೆಲಸ ನಿಲ್ಲಿಸಬೇಡಿ. ನಾನು ಇವತ್ತು ಹೇಳಲು ಬಂದಿರುವುದೂ ಕೈಗಳ ವಿಷಯವೇ.

ನನಗೆ ಕೊಟ್ಟಿರುವ ವಿಷಯ, ಅಮೆರಿಕದ ಸಿನಿಮಾ ಮತ್ತು ಟೆಲಿವಿಷನ್ನಿನ ಪೋಷಕ ನಟರು. ಹೆಸರು ಹೇಳಿದರೆ ಯಾರಿಗೂ ಗೊತ್ತಿಲ್ಲ, ಮುಖ ಕಂಡರೆ ಮಾತ್ರ "ಅರೆ, ಈಕೆ ಆ ಪಿಕ್ಚರಿನಲ್ಲೂ ಇದ್ದಳಲ್ಲ" ಅನ್ನಿಸುವ ಜನ. ಅಂಥವರು ನೂರಾರು ಮಂದಿ ಇದ್ದಾರೆ. ಅಷ್ಟೂ ಹೆಸರು ಓದುತ್ತಾ ಹೋದರೆ ನೀವು ಸ್ಟೇಷನ್ ಬದಲಾಯಿಸುತ್ತೀರಿ, ಬದಲಾಯಿಸಬೇಕು ಕೂಡ. ಅದಕ್ಕೇ ಒಬ್ಬರನ್ನೇ ಕರೆದುಕೊಂಡು ಬಂದಿದ್ದೇನೆ. ಥೆಲ್ಮಾ ರಿಟರ್.

ಇಂಗ್ಲಿಷಿನವರು ಈ ಕೆಲಸವನ್ನು 'ಸಪೋರ್ಟಿಂಗ್' ಅನ್ನುತ್ತಾರೆ. ಚಪ್ಪರಕ್ಕೆ ಕೊಟ್ಟ ಊರುಗೋಲಿನ ಹಾಗೆ, ಆಸರೆ. ನಾವು 'ಪೋಷಕ' ಅಂದೆವು. ಉಣಿಸಿ ಬೆಳೆಸುವವರು. ಈ ಪದವನ್ನು ಮೊದಲು ಯಾರು ಬಳಸಿದರೋ, ಅವರಿಗೆ ಅಡುಗೆಮನೆಯ ಪರಿಚಯ ಚೆನ್ನಾಗಿತ್ತು ಅಂತ ನನ್ನ ಗುಮಾನಿ.

ನಾನು ಅಭಿನಯ ಕಲಿಸುವವಳು. ತರಬೇತಿಗೆ ಬರುವ ಮಕ್ಕಳು ಪಾತ್ರ ಹಂಚಿದ ಕೂಡಲೇ ಕೇಳುವ ಮೊದಲ ಪ್ರಶ್ನೆ, "ಮೇಡಂ, ನನಗೆ ಎಷ್ಟು ಡೈಲಾಗ್ ಇದೆ?" ಇಪ್ಪತ್ತು ವರ್ಷಗಳಿಂದ ಇದೇ ಪ್ರಶ್ನೆ. ನಾನು ಉತ್ತರ ಹೇಳುವುದಿಲ್ಲ. ಒಂದು ಲೋಟ ಕಾಫಿ ಕೈಗೆ ಕೊಟ್ಟು, "ಒಳಗಿನಿಂದ ತಂದು ಇವರಿಗೆ ಕೊಡು" ಅನ್ನುತ್ತೇನೆ. ಹತ್ತರಲ್ಲಿ ಒಂಬತ್ತು ಮಕ್ಕಳು ಮುಖದಲ್ಲಿ ಏನೇನೋ ಭಾವ ತಂದುಕೊಂಡು, ಲೋಟವನ್ನು ಪೂಜೆಯ ಕಳಶದ ಹಾಗೆ ಹಿಡಿದುಕೊಂಡು ಬರುತ್ತಾರೆ. ಕಾಫಿ ಬಿಸಿ ಇದೆ ಅನ್ನುವುದು ಬೆರಳುಗಳಿಗೆ ಗೊತ್ತೇ ಇರುವುದಿಲ್ಲ. ಆಗ ನಾನು ಲ್ಯಾಪ್‌ಟಾಪ್ ತೆಗೆದು ಥೆಲ್ಮಾ ರಿಟರ್ ಹಾಕುತ್ತೇನೆ. ಮುಖ ಬಿಡಿ, ಕೈ ನೋಡಿ ಅನ್ನುತ್ತೇನೆ.

ಈಕೆ ಹುಟ್ಟಿದ್ದು 1902ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ. ನಾಟಕ ಶಾಲೆಯಲ್ಲಿ ಕಲಿತರು, ಕಂಪನಿ ನಾಟಕಗಳಲ್ಲಿ ತಿರುಗಿದರು. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನಟನೊಬ್ಬನನ್ನು ಮದುವೆಯಾದರು, ಆತ ಜಾಹೀರಾತಿನ ಕೆಲಸಕ್ಕೆ ಹೋದ. ಇಬ್ಬರು ಮಕ್ಕಳಾದವು, ಈಕೆ ರಂಗ ಬಿಟ್ಟು ಮನೆಯಲ್ಲಿ ಉಳಿದರು. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಮತ್ತೆ ಶುರು ಮಾಡಿದ್ದು ಎಲ್ಲಿ ಗೊತ್ತೇ? ರೇಡಿಯೋದಲ್ಲಿ! ಅದನ್ನು ಓದಿದಾಗ ನನಗೆ ಆದ ಸಂತೋಷವನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಸಿನಿಮಾಕ್ಕೆ ಬಂದಾಗ ವಯಸ್ಸು ನಲವತ್ತೈದು. ಅಷ್ಟು ಹೊತ್ತಿಗೆ ಎಷ್ಟು ಮಕ್ಕಳಿಗೆ ಗುಂಡಿ ಹಾಕಿತ್ತೋ, ಎಷ್ಟು ಪಾತ್ರೆ ಒರೆಸಿತ್ತೋ ಆ ಕೈ.

1947ರ ಸಿನಿಮಾ ಅದು, 'ಮಿರಾಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್'. ನ್ಯೂಯಾರ್ಕಿನ ಮೇಸೀಸ್ ಅನ್ನುವ ದೊಡ್ಡ ಅಂಗಡಿ, ಕ್ರಿಸ್‌ಮಸ್ ಹಿಂದಿನ ನೂಕುನುಗ್ಗಲು. ಅಲ್ಲಿ ಸಾಂಟಾ ಕ್ಲಾಸ್ ವೇಷದ ಮುದುಕನ ಹತ್ತಿರ ಹುಡುಗನೊಬ್ಬ ನೀರು ಚಿಮ್ಮುವ ಬೆಂಕಿ ಆರಿಸುವ ಗಾಡಿ ಬೇಕು ಅಂತ ಕೇಳುತ್ತಾನೆ. ಹಿಂದೆ ನಿಂತ ತಾಯಿ, ಅದು ಈ ಅಂಗಡಿಯಲ್ಲಿಲ್ಲ, ಎಲ್ಲೂ ಇಲ್ಲ ಮಾರಾಯ, ಒಪ್ಪಿಕೊಂಡುಬಿಡಬೇಡ ಅಂತ ಮಗನಿಗೆ ಕೇಳಿಸದ ಹಾಗೆ ಪಿಸುಗುಟ್ಟುತ್ತಾಳೆ. ಸಾಂಟಾ ಒಪ್ಪಿಕೊಂಡೇಬಿಡುತ್ತಾನೆ. ಅವಳಿಗೆ ರೇಗುತ್ತದೆ. ಆಗ ಆತ, ಲೆಕ್ಸಿಂಗ್ಟನ್ ಅವೆನ್ಯೂ ಬೀದಿಯ ಇನ್ನೊಂದು ಅಂಗಡಿಯಲ್ಲಿ ಸಿಗುತ್ತದೆ ಹೋಗಮ್ಮ, ಬೆಲೆ ಎಂಟೂವರೆ ಡಾಲರ್ ಅಂತ ವಿಳಾಸ ಹೇಳುತ್ತಾನೆ. ಒಂದು ಅಂಗಡಿಯವನು ಇನ್ನೊಂದು ಅಂಗಡಿಗೆ ಗಿರಾಕಿ ಕಳಿಸುವುದೇ! ಈ ತಾಯಿ ನೇರ ಆಟಿಕೆ ವಿಭಾಗದ ಮುಖ್ಯಸ್ಥನನ್ನು ಹುಡುಕಿಕೊಂಡು ಹೋಗಿ, ನನಗಂತೂ ಇದೇನೂ ಅರ್ಥವಾಗಲಿಲ್ಲ, ಆದರೆ ಇನ್ನು ಮೇಲೆ ನಾನು ನಿಮ್ಮ ಕಾಯಂ ಗಿರಾಕಿ ಅಂತ ಹೇಳಿ ಹೋಗುತ್ತಾಳೆ. ಕಥೆ ತಿರುಗುವುದು ಆ ಒಂದು ಮಾತಿನಿಂದ.

ಪಾತ್ರಕ್ಕೆ ಹೆಸರಿಲ್ಲ. ಸಿನಿಮಾದ ಹೆಸರು ಪಟ್ಟಿಯಲ್ಲಿ ನಟಿಯ ಹೆಸರೂ ಇಲ್ಲ. ಆದರೆ ಸ್ಟುಡಿಯೋ ಯಜಮಾನ ಡ್ಯಾರಿಲ್ ಜಾನಕ್ ಆ ತುಣುಕು ನೋಡಿ, ಈ ಹೆಂಗಸಿನ ಭಾಗ ಇನ್ನಷ್ಟು ಬೆಳೆಸಿ ಅಂದ. ಯಾಕೆ ಅಂದಿರಬಹುದು? ಅವಳು ಹೊಸದಾಗಿ ಫ್ರೇಮಿನೊಳಗೆ ಬಂದವಳ ಹಾಗೆ ಕಾಣುವುದಿಲ್ಲ. ಬೆಳಗ್ಗೆಯಿಂದ ಊರೆಲ್ಲ ಸುತ್ತಿ, ಕಾಲು ನೊಂದು, ಈಗ ಇಲ್ಲಿಗೆ ಬಂದಿದ್ದಾಳೆ. ಕ್ಯಾಮೆರಾ ಶುರುವಾಗುವ ಮೊದಲೇ ಅವಳ ದಿನ ಶುರುವಾಗಿದೆ.

ಅಲ್ಲಿಂದ ಆಕೆಗೆ ಸಾಲಾಗಿ ಪಾತ್ರಗಳು. ಮನೆಗೆಲಸದವಳು, ನರ್ಸು, ಅತ್ತೆ, ನಟಿಗೆ ಬಟ್ಟೆ ತೊಡಿಸುವವಳು. ಎಲ್ಲ ದುಡಿಯುವ ಹೆಂಗಸರೇ. 1950ರ 'ಆಲ್ ಅಬೌಟ್ ಈವ್'ನಲ್ಲಿ ಬರ್ಡಿ ಅನ್ನುವ ಪಾತ್ರವನ್ನು ನಿರ್ದೇಶಕ ಮ್ಯಾಂಕಿವಿಟ್ಜ್ ಈಕೆಗಾಗಿಯೇ ಬರೆದ. ಈವ್ ಅನ್ನುವ ಹುಡುಗಿ ಬಂದು ಕಣ್ಣೀರಿನ ಕಥೆ ಹೇಳುತ್ತಾಳೆ, ಕೋಣೆಯಲ್ಲಿದ್ದ ದೊಡ್ಡವರೆಲ್ಲ ಕರಗಿಹೋಗುತ್ತಾರೆ. ಬಟ್ಟೆ ತೊಡಿಸುವವಳಿಗೆ ಮಾತ್ರ ಆ ಹುಡುಗಿಯ ಮೇಲೆ ಮೊದಲು ಅನುಮಾನ ಬರುತ್ತದೆ. ಬರಲೇಬೇಕು. ಕೊಕ್ಕೆ ಎಲ್ಲಿದೆ, ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ನೋಡುವುದೇ ಅವಳ ಕಸುಬು. ಒಂದು ದೂರು ಹೇಳಿಬಿಡುತ್ತೇನೆ. ಆ ಸಿನಿಮಾದ ಅರ್ಧದ ನಂತರ ಬರ್ಡಿ ಮಾಯ. ಎಲ್ಲಿ ಹೋದಳು ಅಂತ ಒಬ್ಬರೂ ಕೇಳುವುದಿಲ್ಲ. ಅಷ್ಟು ದೊಡ್ಡ ಚಿತ್ರ, ಹದಿನಾಲ್ಕು ಆಸ್ಕರ್ ನಾಮನಿರ್ದೇಶನ, ಬರ್ಡಿಗೆ ಒಂದು ವಿದಾಯದ ದೃಶ್ಯ ಬರೆಯಲು ಯಾರಿಗೂ ಪುರುಸೊತ್ತಿರಲಿಲ್ಲ.

ಈಗ ನನಗೆ ತೀರಾ ಇಷ್ಟದ ಜಾಗಕ್ಕೆ ಬರುತ್ತೇನೆ. 1953, 'ಪಿಕಪ್ ಆನ್ ಸೌತ್ ಸ್ಟ್ರೀಟ್', ನಿರ್ದೇಶಕ ಸ್ಯಾಮ್ಯುಯೆಲ್ ಫುಲ್ಲರ್. ನ್ಯೂಯಾರ್ಕಿನ ರೈಲಿನಲ್ಲಿ ಒಬ್ಬ ಜೇಬುಗಳ್ಳ ಒಂದು ಹುಡುಗಿಯ ಕೈಚೀಲದಿಂದ ಹಣದ ಪರ್ಸು ಎಗರಿಸುತ್ತಾನೆ. ಅದರೊಳಗೆ ಗೂಢಚಾರರ ಫಿಲ್ಮು ಇರುತ್ತದೆ. ಕಳ್ಳನಿಗೂ ಗೊತ್ತಿಲ್ಲ, ಹುಡುಗಿಗೂ ಗೊತ್ತಿಲ್ಲ. ಕಳ್ಳ ಯಾರು ಅಂತ ಪೊಲೀಸರಿಗೆ ತಿಳಿಯಬೇಕು. ಅವರು ಕರೆಸುವುದು ಮೋ ಅನ್ನುವ ಮುದುಕಿಯನ್ನು, ಅಂದರೆ ನಮ್ಮ ಥೆಲ್ಮಾ.

ಈ ಮೋ ಬೀದಿಯಲ್ಲಿ ಟೈ ಮಾರುತ್ತಾಳೆ, ಕುತ್ತಿಗೆಗೆ ಕಟ್ಟುವ ಟೈ. ಅದು ಮೇಲಿನ ವ್ಯಾಪಾರ. ಒಳಗಿನದು, ಕಳ್ಳರ ಸುಳಿವು ಮಾರುವುದು. ಠಾಣೆಯಲ್ಲಿ ಕೂತು, ಕೈಚೀಲದ ಬಾಯಿ ಹೇಗೆ ತೆಗೆದ, ಪತ್ರಿಕೆ ಹೇಗೆ ಹಿಡಿದಿದ್ದ ಅಂತ ಕೇಳುತ್ತಾಳೆ. ಒಬ್ಬೊಬ್ಬ ಕಳ್ಳನ ಕೈಚಳಕ ಒಂದೊಂದು ಥರ, ನೋಡಿ. ಕೈ ನೋಡಿಯೇ ಹೆಸರು ಹೇಳುತ್ತಾಳೆ! ನಾನು ಹೇಳುತ್ತಿರುವ ಮಾತನ್ನೇ ಫುಲ್ಲರ್ ಕಥೆಯೊಳಗೆ ಇಟ್ಟಿದ್ದಾನೆ. ಹೇಳುವ ಮೊದಲು ರೇಟು ಮಾತಾಡುತ್ತಾಳೆ. ಎಲ್ಲದರ ಬೆಲೆ ಏರಿದೆ ಸ್ವಾಮಿ, ನನ್ನದೂ ಏರಿದೆ. ಸಂತೆಯಲ್ಲಿ ಸೊಪ್ಪಿನ ಕಟ್ಟಿಗೆ ಚೌಕಾಸಿ ನಡೆಯುತ್ತದಲ್ಲ, ಅದೇ ಗತ್ತು.

ಆ ಹಣ ಯಾತಕ್ಕೆ? ಮಣ್ಣಿಗೆ. ತನ್ನ ಗೋರಿಗೆ. ನ್ಯೂಯಾರ್ಕಿನಲ್ಲಿ ದಿಕ್ಕಿಲ್ಲದವರ ಹೆಣಗಳನ್ನು ಒಟ್ಟಿಗೆ ಹೂಳುವ ಜಾಗವೊಂದಿದೆ. ಅಲ್ಲಿಗೆ ಹೋಗಬಾರದು ಅನ್ನುವುದು ಅವಳ ಒಂದೇ ಆಸೆ. ತನ್ನದೇ ಆರಡಿ ಮೂರಡಿ ಜಾಗ, ಮೇಲೆ ತನ್ನ ಹೆಸರಿನ ಕಲ್ಲು. ಅದಕ್ಕಾಗಿ ಒಂದೊಂದೇ ನೋಟು ಕೂಡಿಡುತ್ತಿದ್ದಾಳೆ. ಅವಳು ಸುಳಿವು ಕೊಟ್ಟದ್ದಕ್ಕೆ ಆ ಜೇಬುಗಳ್ಳನಿಗೆ ಅವಳ ಮೇಲೆ ಕೋಪವಿದೆಯೇ? ಇಲ್ಲ. ಅವಳೂ ಹೊಟ್ಟೆ ಹೊರೆಯಬೇಕಲ್ಲ ಅನ್ನುತ್ತಾನೆ.

ಒಂದು ರಾತ್ರಿ ಅವಳು ಕೋಣೆಗೆ ಬರುತ್ತಾಳೆ. ಗ್ರಾಮಫೋನಿಗೆ ತಟ್ಟೆ ಹಾಕುತ್ತಾಳೆ. ಹಾಸಿಗೆಗೆ ಒರಗುತ್ತಾಳೆ. ಆಗ ಕಾಣುತ್ತದೆ, ಕೋಣೆಯಲ್ಲಿ ಇನ್ನೊಬ್ಬನಿದ್ದಾನೆ. ಗೂಢಚಾರರ ಕಡೆಯವನು. ಕಳ್ಳನ ವಿಳಾಸ ಕೊಡು ಅನ್ನುತ್ತಾನೆ. ಊರಿಗೆಲ್ಲ ವಿಳಾಸ ಮಾರುವ ಹೆಂಗಸು ಇವನಿಗೆ ಕೊಡುವುದಿಲ್ಲ. ಎಷ್ಟು ಕೊಟ್ಟರೂ ಕೊಡುವುದಿಲ್ಲ. ಎಂಥ ಹೊಲಸು ಕಸುಬಾದರೂ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು ಅಂತ ಮೊದಲೇ ಆ ಜೇಬುಗಳ್ಳನಿಗೆ ಹೇಳಿದ್ದವಳು ಅವಳು. ಈ ಗೂಢಚಾರನಿಗೆ ಹೇಳುವುದು ಶೌರ್ಯದ ಮಾತಲ್ಲ. ದಣಿದಿದ್ದೇನೆ ಅನ್ನುತ್ತಾಳೆ. ಸಾಯುವುದಕ್ಕೆ ಬೇಕಾದ ದುಡ್ಡಿಗಾಗಿ ದುಡಿಯುತ್ತಲೇ ಇರಬೇಕಾಗಿದೆ, ನನ್ನ ತಲೆಗೆ ಗುಂಡು ಹೊಡೆದರೆ ದೊಡ್ಡ ಉಪಕಾರ ಅನ್ನುತ್ತಾಳೆ. ಬಸ್ಸಿಳಿದು ಮನೆಗೆ ಬಂದ ಮೇಲೆ ನೀವು ನಾವು ಆಡುವ ದನಿಯಲ್ಲೇ. ಕ್ಯಾಮೆರಾ ಅವಳನ್ನು ಬಿಟ್ಟು ಮೆಲ್ಲಗೆ ಗ್ರಾಮಫೋನಿನ ಕಡೆ ಸರಿಯುತ್ತದೆ. ಹಾಡು ಮುಗಿಯುತ್ತದೆ. ಗುಂಡಿನ ಸದ್ದು ಕೇಳುತ್ತದೆ. ಕಾಣುವುದಿಲ್ಲ, ಕೇಳುತ್ತದೆ, ಅಷ್ಟೇ.

ನಾನು ಈ ದೃಶ್ಯವನ್ನು ತರಗತಿಯಲ್ಲಿ ಎಷ್ಟು ಸಲ ಹಾಕಿದ್ದೇನೋ. ಒಮ್ಮೆ ಒಬ್ಬ ಹುಡುಗ ಕೇಳಿದ, "ಮೇಡಂ, ಇದರಲ್ಲಿ ಆಕ್ಟಿಂಗ್ ಎಲ್ಲಿದೆ?" ಅವನನ್ನು ಬೈಯಲಿಲ್ಲ. ಇನ್ನೊಂದು ಸಲ ಹಾಕಿದೆ. ಆಮೇಲೆ ಬೈದೆ. ಅಂದ ಹಾಗೆ, ಮೋಳ ಹೆಣದ ಪೆಟ್ಟಿಗೆ ಆ ದಿಕ್ಕಿಲ್ಲದವರ ಜಾಗಕ್ಕೆ ಹೊರಟಿರುತ್ತದೆ. ಜೇಬುಗಳ್ಳ ಹೋಗಿ ದೋಣಿಯಿಂದ ಅದನ್ನು ಬಿಡಿಸಿಕೊಂಡು ಬರುತ್ತಾನೆ. ಅವಳನ್ನು ನಾನು ಹೂಳುತ್ತೇನೆ ಅನ್ನುತ್ತಾನೆ. ಹೀರೋ ನಾಯಕಿಗೆ ಮುತ್ತು ಕೊಟ್ಟದ್ದು ನನಗೆ ನೆನಪಿಲ್ಲ, ಈ ಪೆಟ್ಟಿಗೆ ನೆನಪಿದೆ.

ಗಾಜಿನ ಆಚೆ ಕಾರ್ಯಕ್ರಮದವರು ಮೂರು ಬೆರಳು ತೋರಿಸುತ್ತಿದ್ದಾರೆ. ಮೂರೇ ನಿಮಿಷವಂತೆ. ಪ್ರಶಸ್ತಿಯ ವಿಷಯಕ್ಕೆ ಅರ್ಧ ಹೊತ್ತು ಇಟ್ಟುಕೊಂಡಿದ್ದೆ, ಹೋಗಲಿ, ಬೇಗ ಹೇಳುತ್ತೇನೆ.

ಪೋಷಕ ನಟರಿಗೆ ಆಸ್ಕರ್ ಕೊಡಲು ಶುರು ಮಾಡಿದ್ದು 1936ರ ಸಿನಿಮಾಗಳಿಂದ. ಮೊದಲ ಕೆಲವು ವರ್ಷ ನಾಯಕ ನಾಯಕಿಗೆ ಬಂಗಾರದ ಬೊಂಬೆ, ಪೋಷಕರಿಗೆ ಫಲಕ. ಮದುವೆ ಮನೆಯಲ್ಲಿ ಬೀಗರಿಗೆ ಬೆಳ್ಳಿ ಲೋಟ, ಬಡಿಸಿದವರಿಗೆ ಸ್ಟೀಲು, ಹಾಗೆ. ಥೆಲ್ಮಾ ರಿಟರ್ ಆರು ಸಲ ಪೋಷಕ ನಟಿಯಾಗಿ ನಾಮನಿರ್ದೇಶನಗೊಂಡರು. ಆರೂ ಸಲ ಸೋತರು. 1950ರಿಂದ 1953ರವರೆಗಿನ ಸಿನಿಮಾಗಳಿಗೆ ವರ್ಷಕ್ಕೊಂದರಂತೆ ಸಾಲಾಗಿ ನಾಲ್ಕು, ಆಮೇಲೆ 1959ಕ್ಕೆ, 1962ಕ್ಕೆ. ಕೊನೆಯ ಸಲ ಗೆದ್ದವಳು ಹದಿನಾರರ ಹುಡುಗಿ, ಪ್ಯಾಟಿ ಡ್ಯೂಕ್. ಈಕೆ ಪ್ರಶಸ್ತಿಯ ರಾತ್ರಿ ಮನೆಗೆ ಸ್ನೇಹಿತರನ್ನು ಕರೆದು, ನಾನು ಮತ್ತೆ ಸೋಲುವುದನ್ನು ನೋಡಬನ್ನಿ ಅಂತ ಊಟ ಹಾಕಿಸುತ್ತಿದ್ದರಂತೆ. ಮೋಗಿಂತ ಸುಂದರಿಯಾದ ಮುಖಗಳು ಬಹುಮಾನ ತೆಗೆದುಕೊಂಡು ಹೋದವು. ಮುಖ ನೋಡಿ ಬಹುಮಾನ ಕೊಟ್ಟರೆ ಹೀಗೇ ಆಗುವುದು. ಕೈ ನೋಡಬೇಕಿತ್ತು. ನ್ಯೂಯಾರ್ಕಿನ ಬ್ರಾಡ್ವೇ ರಂಗಭೂಮಿಯ ನಾಟಕಕ್ಕೆ ಮಾತ್ರ 1958ರಲ್ಲಿ ನಾಟಕದವರಿಗೆ ಕೊಡುವ ಟೋನಿ ಪ್ರಶಸ್ತಿ ಬಂತು, ಅದನ್ನೂ ಅದೇ ನಾಟಕದ ಇನ್ನೊಬ್ಬ ನಟಿಯ ಜೊತೆ ಹಂಚಿಕೊಂಡದ್ದು.

ಟೆಲಿವಿಷನ್ ಬಗ್ಗೆ ಒಂದೇ ಮಾತು. 1955ರಲ್ಲಿ 'ದ ಕೇಟರ್ಡ್ ಅಫೇರ್' ಅನ್ನುವ ಟಿವಿ ನಾಟಕದಲ್ಲಿ, ಮಗಳ ಮದುವೆ ಜೋರಾಗಿ ಮಾಡಬೇಕು ಅಂತ ಹಟ ಹಿಡಿಯುವ ಟ್ಯಾಕ್ಸಿ ಡ್ರೈವರನ ಹೆಂಡತಿಯ ಪಾತ್ರ ಮಾಡಿದರು. ಅಲ್ಲಿ ಆಕೆಯೇ ಮುಖ್ಯ ಪಾತ್ರ. ಟಿವಿಯವರಿಗೆ ಕೊಡುವ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನವೂ ಆಯಿತು. ಮರುವರ್ಷ ಅದು ಸಿನಿಮಾ ಆದಾಗ ಪಾತ್ರ ಹೋದದ್ದು ಬೆಟ್ ಡೇವಿಸ್‌ಗೆ. ಯಾರು ಗೊತ್ತಲ್ಲ? 'ಆಲ್ ಅಬೌಟ್ ಈವ್'ನಲ್ಲಿ ಬರ್ಡಿ ಬಟ್ಟೆ ತೊಡಿಸುತ್ತಿದ್ದ ಅದೇ ನಾಯಕಿ.

1969ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಒಂದು ನಿಮಿಷ ಇದೆಯಂತೆ. ಹಿಚ್‌ಕಾಕ್‌ನ 'ರಿಯರ್ ವಿಂಡೋ', 1954. ಸಿಕ್ಕರೆ ಇವತ್ತೇ ನೋಡಿ, ನಾಯಕಿ ಗ್ರೇಸ್ ಕೆಲ್ಲಿಯನ್ನು ಒಂದು ಸಲಕ್ಕೆ ಮರೆತುಬಿಡಿ. ಕಾಲು ಮುರಿದು ಕೂತ ಜೇಮ್ಸ್ ಸ್ಟೂವರ್ಟ್, ಅವನ ಬೆನ್ನಿಗೆ ಮದ್ದು ತಿಕ್ಕಲು ಬರುವ ನರ್ಸು ಸ್ಟೆಲ್ಲಾ, ನಮ್ಮ ಥೆಲ್ಮಾ. ತಣ್ಣಗಿದೆ, ಸ್ವಲ್ಪ ಬಿಸಿ ಮಾಡಬಾರದೇ ಅಂತ ಅವನು ಗೊಣಗುತ್ತಾನೆ. ಇವಳ ಕೈ ನಿಲ್ಲುವುದಿಲ್ಲ. ಆಮೇಲೊಂದು ಬೆಳಗ್ಗೆ ಅವನಿಗೆ ಮೊಟ್ಟೆ ತಿಂಡಿ ಕೊಟ್ಟು, ಎದುರು ಮನೆಯವನು ಹೆಂಡತಿಯನ್ನು ಎಲ್ಲಿಟ್ಟು ಕತ್ತರಿಸಿರಬಹುದು ಅಂತ ಯೋಚಿಸುತ್ತಾಳೆ. ಬಚ್ಚಲ ತೊಟ್ಟಿಯಲ್ಲೇ, ರಕ್ತ ತೊಳೆಯಲು ಅನುಕೂಲ. ಹೆಣ ತುಂಬಿದ ಆ ಪೆಟ್ಟಿಗೆ ಸೋರಲು ಶುರುವಾಗುವ ಮೊದಲು ಅವನು ಅದನ್ನು ಸಾಗಿಸುವುದು ಒಳ್ಳೆಯದು. ಸ್ಟೂವರ್ಟ್ ತಟ್ಟೆ ನೋಡುತ್ತಾನೆ, ತಿನ್ನುವುದು ಅಲ್ಲಿಗೇ ನಿಲ್ಲುತ್ತದೆ.

ಆಯಿತು, ಕೆಂಪು ದೀಪ ತೋರಿಸಿದರು. ಒಲೆಯ ಮೇಲೆ ಹಾಲಿಟ್ಟು ನನ್ನ ಮಾತು ಕೇಳುತ್ತಾ ಕೂತವರು ಹೋಗಿ ನೋಡಿ, ಉಕ್ಕಿರುತ್ತದೆ. ನಮಸ್ಕಾರ.